ನಾನೇ ಸಹಿ ಹಾಕಿಸಿದ ಅರ್ಜಿ

ಬೆಂಗಳೂರು ದಕ್ಷಿಣದ ಒಂದು ಹಳೇ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಕ್ಕೆ ನಾನು ಆರು ವರ್ಷದಿಂದ ಕಾರ್ಯದರ್ಶಿ. ಅದಕ್ಕೂ ಮುಂಚೆ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ, ಮೋರಿ, ಶಾಲೆ ಕಟ್ಟಡ ಅಂತ ಅಲೆದು ನಿವೃತ್ತನಾದ ಇಂಜಿನಿಯರು. ಇಷ್ಟಿದ್ದೂ ನಮ್ಮ ಬಡಾವಣೆಯಲ್ಲಿ ಪೌರಕಾರ್ಮಿಕರಿಗೆ ಹೊಸ ಮನೆ ಕಟ್ಟೋ ಈ ವ್ಯವಹಾರದಲ್ಲಿ ಮೊದಲ ತಪ್ಪು ನನ್ನದೇ. 2023ರ ಜೂನ್‌ನಲ್ಲಿ ‘ಪಾರ್ಕ್ ಉಳಿಸಿ’ ಅಂತ ಅರ್ಜಿ ಬರೆದು, ಬೀದಿ ಬೀದಿ ತಿರುಗಿ ಸಹಿ ಹಾಕಿಸಿದವನು ನಾನು. ಜಾಗದ ನಕ್ಷೆಯನ್ನು ಕಣ್ಣಲ್ಲೂ ನೋಡಿರಲಿಲ್ಲ.

ಜಾಗ ಇರೋದು 1 ಎಕರೆ 6 ಗುಂಟೆ. ಒಂದು ಕಡೆ ಪೌರಕಾರ್ಮಿಕರ 24 ಕ್ವಾರ್ಟರ್ಸ್, ನೆಲಮಹಡಿ ಮಾತ್ರ, ಛಾವಣಿಯ ಕಾಂಕ್ರೀಟ್ ಉದುರಿ ಕಂಬಿ ಕಾಣ್ತಿತ್ತು. ಮಿಕ್ಕದ್ದರಲ್ಲಿ ಹೊಂಗೆ ಮರ, ಹುಡುಗರ ಕ್ರಿಕೆಟ್ಟು, ಬೆಳಗ್ಗೆ ನಮ್ಮಂಥವರ ವಾಕಿಂಗು. ಇಪ್ಪತ್ತು ವರ್ಷ ನಡೆದಾಡಿದ ಮೇಲೆ ಅದು ಪಾರ್ಕೇ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿತ್ತು. ಹಳೇ ಕ್ವಾರ್ಟರ್ಸ್ ಕೆಡವಿ, ನೆಲಮಹಡಿ ಮತ್ತು ಮೂರು ಅಂತಸ್ತಿನ ಎರಡು ಬ್ಲಾಕ್, ಒಟ್ಟು 64 ಮನೆ ಕಟ್ಟುತ್ತಾರೆ ಅನ್ನೋ ಸುದ್ದಿ ಬಂದಾಗ ವಾಟ್ಸಾಪ್ ಗುಂಪು ಹೊತ್ತಿ ಉರಿಯಿತು.

ಸಂಘದಲ್ಲಿರುವ ವಕೀಲರೊಬ್ಬರು 1991ರ ಸುಪ್ರೀಂ ಕೋರ್ಟ್ ತೀರ್ಪನ್ನು ಹಿಡಿದು ಬಂದರು. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆ ಮೀಸಲಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದನ್ನು ಅಲ್ಲಿನ ನಿವಾಸಿಗಳು ಪ್ರಶ್ನಿಸಿ ಗೆದ್ದ ಪ್ರಕರಣ ಅದು. ಒಳ್ಳೇ ತೀರ್ಪು. ಆದರೆ ಅದು ನಮಗೆ ದಕ್ಕಬೇಕಾದರೆ ನಮ್ಮದು ನಕ್ಷೆಯಲ್ಲೂ ಪಾರ್ಕಾಗಿರಬೇಕಲ್ಲ?

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಮೊದಲನೇದು ದಂಡ. ‘ಪಾರ್ಕ್ ಜಾಗದಲ್ಲಿ ಮನೆ ಕಟ್ಟುತ್ತಿರುವುದು ಏಕೆ?’ ಅಂತ ಕೇಳಿದ್ದೆ. ‘ಏಕೆ’ ಅನ್ನೋದಕ್ಕೆ ಆ ಕಾಯ್ದೆಯಲ್ಲಿ ಉತ್ತರ ಸಿಗಲ್ಲ, ಕಡತದಲ್ಲಿರೋ ಕಾಗದ ಕೇಳಿದರೆ ಮಾತ್ರ ಸಿಗುತ್ತೆ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಬೇರೆ. ಎರಡನೇ ಸಲ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಅನುಮೋದಿತ ಬಡಾವಣೆ ನಕ್ಷೆಯ ದೃಢೀಕೃತ ನಕಲು ಅಂತ ಒಂದೇ ಸಾಲು ಬರೆದೆ. ನಕ್ಷೆ ಬಂತು. ಪೂರ್ವದ ಅಂಚಿನಲ್ಲಿ 6 ಗುಂಟೆಯ ಪಟ್ಟಿಗೆ ಮಾತ್ರ ಹಸಿರು ಬಣ್ಣ. ಉಳಿದ 1 ಎಕರೆಯ ಮೇಲೆ ‘ಸಿಬ್ಬಂದಿ ವಸತಿ’ ಅಂತ ಅಚ್ಚುಕಟ್ಟಾಗಿ ಬರೆದಿತ್ತು, ಬಡಾವಣೆ ಹುಟ್ಟಿದ ದಿನದಿಂದಲೂ.

ಆ ನಕ್ಷೆಯನ್ನು ಗುಂಪಿಗೆ ಹಾಕೋ ಮುಂಚೆ ಎರಡು ದಿನ ಸುಮ್ಮನಿದ್ದೆ. ಯಾಕೆ ಅಂತ ಹೇಳಬೇಕಿಲ್ಲ. ಹಾಕಿದ ಮೇಲೆ ಕೆಲವರು ‘ಸಾರ್, ಇದನ್ನ ಈಗ ತೋರಿಸೋದು ಬೇಕಿತ್ತಾ?’ ಅಂದರು.

ಪಾರ್ಕಿನ ವಾದ ಬಿದ್ದುಹೋದ ತಕ್ಷಣ ಬೇರೆ ವಾದಗಳು ಎದ್ದವು. ಬಿಸಿಲು ಬರಲ್ಲ, ನೀರು ಸಾಲಲ್ಲ, ಪಾರ್ಕಿಂಗ್ ಎಲ್ಲಿ, ಸೈಟಿನ ಬೆಲೆ ಬೀಳುತ್ತೆ. ಕೊನೆಯದನ್ನು ಯಾರೂ ಮೈಕಿನಲ್ಲಿ ಹೇಳಲಿಲ್ಲ, ಕಾಫಿ ಕುಡಿಯೋವಾಗ ಹೇಳಿದರು. ಒಂದು ಮಾತು ಹೇಳಿಬಿಡ್ತೀನಿ. ನಮ್ಮ ಅಡ್ಡರಸ್ತೆಗಳಲ್ಲಿ 30x40 ಸೈಟಿನ ಮೇಲೆ ಐದು ಮಹಡಿ ಪಿಜಿಗಳು ಎದ್ದಿವೆ. ಒಂದೊಂದರಲ್ಲೂ ಮಂಚದ ಮೇಲೆ ಮಂಚ. ಅವುಗಳ ನೀರಿನ ಬಗ್ಗೆ ಒಂದೇ ಒಂದು ಸಭೆ ನಡೆದದ್ದು ನನಗೆ ನೆನಪಿಲ್ಲ. ಕಟ್ಟಿದವರಲ್ಲಿ ಮೂವರು ಸಂಘದ ಸದಸ್ಯರು.

ಮೊದಲ ಸಭೆಯನ್ನು ಸಂಜೆ ಏಳಕ್ಕೆ ಕರೆದಿದ್ದೆವು. ಕ್ವಾರ್ಟರ್ಸಿನಿಂದ ಒಬ್ಬರೂ ಬರಲಿಲ್ಲ. ‘ನೋಡಿ, ಅವರಿಗೇ ಆಸಕ್ತಿ ಇಲ್ಲ’ ಅಂತ ಒಬ್ಬರು ತೀರ್ಮಾನ ಕೊಟ್ಟರು. ಬೆಳಗಿನ ಹಾಜರಾತಿಗೆ ಕತ್ತಲಲ್ಲೇ ಎದ್ದು ಹೋಗೋ ಜನ ಏಳು ಗಂಟೆಗೆ ಅಡುಗೆ ಮುಗಿಸಿ ಮಲಗೋ ತಯಾರಿಯಲ್ಲಿರ್ತಾರೆ. ಎರಡನೇ ಸಭೆಯನ್ನು ಭಾನುವಾರ ಮಧ್ಯಾಹ್ನ ಮೂರಕ್ಕೆ, ಕ್ವಾರ್ಟರ್ಸಿನ ಮುಂದಿನ ಹೊಂಗೆ ಮರದ ಕೆಳಗೇ ಇಟ್ಟೆವು. ಆವತ್ತು ಅವರೇ ಹೆಚ್ಚಿದ್ದರು. ಆದರೂ ಮಾತಾಡಿದ್ದು ನಾವೇ.

ಅದಕ್ಕೇ ಮಾತು ನಿಲ್ಲಿಸಿ ಸೈಟಿನ ಕೆಲಸಕ್ಕೆ ಇಳಿದೆ. ಡಿಸೆಂಬರ್ ಮೂರನೇ ವಾರ ಇಬ್ಬರು ಹುಡುಗರನ್ನು ಕರಕೊಂಡು, ಗೂಟ, ದಾರ, ಟೇಪು, ಎರಡು ಚೀಲ ಸುಣ್ಣದ ಪುಡಿ ತಗೊಂಡು ಹೋಗಿ ಎರಡೂ ಬ್ಲಾಕಿನ ಹೊರಗೆರೆಯನ್ನು ಖಾಲಿ ಜಾಗದ ಮೇಲೆ ಹಾಕಿದೆ. ಮೂಲೆ ಲಂಬಕೋನಕ್ಕೆ ಕೂರಲಿ ಅಂತ ಮೂರು, ನಾಲ್ಕು, ಐದು ಅಡಿಯ ಲೆಕ್ಕ, ಮೇಸ್ತ್ರಿಗಳು ಮಾಡೋ ಹಾಗೇ. ಎತ್ತರ ತೋರಿಸೋಕೆ ಗ್ಯಾಸ್ ಬಲೂನಿಗೆ 40 ಅಡಿ ದಾರ ಕಟ್ಟಿ ಬಿಟ್ಟೆವು. ಗಾಳಿಗೆ ವಾಲಿ ಹೊಂಗೆ ಕೊಂಬೆಗೆ ಸಿಕ್ಕಿ ಢಬ್ ಅಂತು, ಎಲ್ಲರೂ ನಕ್ಕರು. ಆ ಪ್ರಯೋಗ ಅಲ್ಲಿಗೆ ಮುಗೀತು.

ಬಿಸಿಲಿನದ್ದು ಮಾತ್ರ ಸರಿಯಾಗಿ ಬಂತು. ಉತ್ತರದ ರಸ್ತೆಯ ಆಚೆ ಮನೆಯವರು ‘ನಮ್ಮ ಅಂಗಳಕ್ಕೆ ಬಿಸಿಲೇ ಬೀಳಲ್ಲ, ಸಂಡಿಗೆ ಎಲ್ಲಿ ಒಣಗಿಸೋದು’ ಅಂತ ಪಟ್ಟು ಹಿಡಿದಿದ್ದರು. ವರ್ಷದಲ್ಲಿ ಮಧ್ಯಾಹ್ನದ ನೆರಳು ಉತ್ತರಕ್ಕೆ ಅತಿ ಉದ್ದ ಚಾಚೋದು ಡಿಸೆಂಬರ್ ಕೊನೆಯಲ್ಲೇ. ಹನ್ನೆರಡೂ ಕಾಲಕ್ಕೆ 10 ಅಡಿಯ ಒಂದು ಬಿದಿರಿನ ಗಳವನ್ನು ನೆಟ್ಟಗೆ ನಿಲ್ಲಿಸಿ ಅವರ ಕೈಯಲ್ಲೇ ಟೇಪು ಕೊಟ್ಟೆ. ನೆರಳು 7 ಅಡಿ 4 ಇಂಚು ಚಿಲ್ಲರೆ. 40 ಅಡಿ ಕಟ್ಟಡಕ್ಕೆ ಸುಮಾರು 29 ಅಡಿ ಆಯ್ತು. ಕಟ್ಟಡದ ಮುಂದೆ ಬಿಡೋ ಹತ್ತು ಅಡಿ, ರಸ್ತೆಯ 30 ಅಡಿ ಸೇರಿಸಿದರೆ ನೆರಳು ರಸ್ತೆ ದಾಟಲ್ಲ. ಆ ಮನೆಯಾಕೆ ಎರಡು ಸಲ ಅಳೆದರು. ‘ಬೆಳಗ್ಗೆ ಎಂಟಕ್ಕೆ?’ ಅಂತ ಕೇಳಿದರು. ಬೆಳಗ್ಗೆ ಎಂಟಕ್ಕೆ ಬೀಳುತ್ತೆ ತಾಯಿ, ಅದನ್ನ ನಾನು ಮುಚ್ಚಿಡಲ್ಲ ಅಂದೆ. ಅವರ ವಿರೋಧ ಹೋಗಲಿಲ್ಲ, ಆದರೆ ಆಮೇಲೆ ಅವರು ಬೆಳಗಿನ ಬಿಸಿಲಿನ ಬಗ್ಗೆ ಮಾತ್ರ ಮಾತಾಡಿದರು.

ಸುಣ್ಣ ಇನ್ನೂ ಅರ್ಧ ಚೀಲ ಉಳಿದಿತ್ತು. ಯೋಜನೆಯ ನಕ್ಷೆಯಲ್ಲಿದ್ದ ಒಂದು ಮನೆಯನ್ನು, 30 ಚದರ ಮೀಟರಿನದ್ದು, ಇದ್ದ ಅಳತೆಯಲ್ಲೇ ನೆಲದ ಮೇಲೆ ಬರೆದೆ. ಬಾಗಿಲಿದ್ದಲ್ಲಿ ಗೆರೆ ಬಿಟ್ಟೆ. ಅಷ್ಟೊತ್ತೂ ದೂರ ನಿಂತಿದ್ದ ಕ್ವಾರ್ಟರ್ಸಿನ ಹೆಂಗಸರು ಆಗ ಹತ್ತಿರ ಬಂದರು. ಒಬ್ಬಾಕೆ ಚಪ್ಪಲಿ ಬಿಟ್ಟು ‘ಬಾಗಿಲಿ’ನಿಂದಲೇ ಒಳಗೆ ಹೋದರು. ‘ಅಣ್ಣ, ನಮ್ಮತ್ತೆ ಹಾಸಿಗೆ ಹಿಡಿದವ್ರೆ. ಮಂಚ ಎಲ್ಲಿ ಹಾಕಲಿ?’ ಅಂತ ಕೇಳಿ, ಮಗನಿಗೆ ಹೇಳಿ ಮನೆಯಿಂದ ಮಂಚವನ್ನೇ ತರಿಸಿದರು. ಆರಡಿಯ ಕಬ್ಬಿಣದ ಮಂಚ. ಮುಂಬಾಗಿಲಿಗೂ ಶೌಚಾಲಯದ ಬಾಗಿಲಿಗೂ ನಡುವೆ ಗೋಡೆ ಇದ್ದದ್ದು 5 ಅಡಿ 9 ಇಂಚು. ಮಂಚದ ಕಾಲು ಸುಣ್ಣದ ಗೆರೆ ದಾಟಿ ಶೌಚಾಲಯದ ಬಾಗಿಲಲ್ಲಿ ನಿಂತಿತು. ಸುತ್ತ ನಿಂತಿದ್ದ ನಮ್ಮ ಸಂಘದವರು ಮೊದಲ ಸಲ ಬಾಯಿ ಮುಚ್ಚಿ ನೋಡಿದರು. ತಿಂಗಳುಗಟ್ಟಲೆ 64 ಅನ್ನೋ ಅಂಕಿಯ ಮೇಲೆ ಜಗಳ ಆಡಿದ್ದೆವು, ಮನೆಯೊಳಗೆ ಯಾರೂ ಕಾಲಿಟ್ಟಿರಲಿಲ್ಲ.

ಆವತ್ತೇ ಅವರ ನಿಜವಾದ ಭಯವೂ ಹೊರಗೆ ಬಂತು. ‘ಖಾಲಿ ಮಾಡಿಸಿ ಈಜಿಪುರದ ಥರ ಮಾಡಿದ್ರೆ?’ ಅಂದರು ಒಬ್ಬ ಹಿರಿಯರು. 2013ರ ಜನವರಿಯಲ್ಲಿ ಈಜಿಪುರದ ವಸತಿ ಜಾಗದಿಂದ ಬಡ ಕುಟುಂಬಗಳನ್ನು ಎಬ್ಬಿಸಿದ್ದು, ಆಮೇಲೆ ಅವರಲ್ಲಿ ಎಷ್ಟೋ ಜನ ಫುಟ್‌ಪಾತಿನಲ್ಲಿ ಬದುಕಿದ್ದು ಇವರಿಗೆ ಪೇಪರ್ ಓದಿ ಗೊತ್ತಾದದ್ದಲ್ಲ. ಅವರ ನೆಂಟರು ಅಲ್ಲಿದ್ದರು. ಇವರಿಗೆ ಮಹಡಿ ಎಷ್ಟಾದರೂ ಸರಿ, ವಾಪಸ್ ಬರೋ ಹಕ್ಕು ಹೆಸರು ಸಮೇತ ಬರಹದಲ್ಲಿ ಬೇಕಿತ್ತು.

2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಊರೆಲ್ಲ ಟ್ಯಾಂಕರಿಗೆ ಕಾಯುವಾಗ ನೀರಿನ ವಾದಕ್ಕೆ ಬಲ ಬಂತು. ಲೆಕ್ಕ ಹಾಕಿದೆ: ತಲೆಗೆ ದಿನಕ್ಕೆ 135 ಲೀಟರ್, ಮನೆಗೆ ನಾಲ್ಕು ಜನ, 64 ಮನೆಗೆ 34,560 ಲೀಟರ್. 6,000 ಲೀಟರಿನ ಟ್ಯಾಂಕರು ಆರಕ್ಕೆ ಸ್ವಲ್ಪ ಕಮ್ಮಿ. ಇದು ಸಣ್ಣ ಮಾತಲ್ಲ, ವಿರೋಧಿಸುವವರು ಹೇಳಿದ್ದರಲ್ಲಿ ನಿಜ ಇತ್ತು. ಹಾಗಾಗಿ ಮಳೆನೀರಿನ ತೊಟ್ಟಿ, ಶೌಚಕ್ಕೆ ಬೇರೆ ಪೈಪು, ಹಳೇ ಅರ್ಜಿಯ ಬದಲು ಬರೆಯಲು ಹೊರಟ ನಮ್ಮ ಹೊಸ ಪತ್ರಕ್ಕೆ ಸೇರಿದವು.

ಆ ಪತ್ರ ಬರೆಯೋಕೆ ನಾಲ್ಕು ಭಾನುವಾರ ಹಿಡಿಯಿತು. ಹಳೇ ಅರ್ಜಿಯನ್ನು ವಾಪಸ್ ತಗೋತೀವಿ ಅಂತ ಮೊದಲ ಸಾಲಿನಲ್ಲೇ ಬರೆದೆ. ಅದಕ್ಕೆ ಇಬ್ಬರು ಪದಾಧಿಕಾರಿಗಳು ರಾಜೀನಾಮೆ ಕೊಟ್ಟರು. ಒಬ್ಬರು ಇವತ್ತಿಗೂ ನನ್ನ ನೋಡಿದರೆ ರಸ್ತೆ ದಾಟಿ ಆ ಕಡೆ ಹೋಗ್ತಾರೆ. ನೀರಿನದ್ದು, ಹೆಸರಿನ ಪಟ್ಟಿಯದ್ದು ಬಿಟ್ಟರೆ ಕೇಳಿದ್ದು ಇಷ್ಟು: ಒಂದು ಬ್ಲಾಕ್ ಖಾಲಿ ಜಾಗದಲ್ಲಿ ಕಟ್ಟಿ ಮುಗಿಸಿ, 24 ಕುಟುಂಬ ಅದಕ್ಕೆ ಹೋದ ಮೇಲೆ ಹಳೇದನ್ನು ಕೆಡವಿ. 6 ಗುಂಟೆಗೆ ಬೇಲಿ ಹಾಕಿ. ನೆಲಮಹಡಿಯಲ್ಲಿ ಬಾಡಿಗೆ ಅಂಗಡಿ ಬೇಡ. ಶೌಚಾಲಯದ ಬಾಗಿಲು ಪಕ್ಕದ ಗೋಡೆಗೆ ತಿರುಗಿಸಿ. ಕೊನೆಯದನ್ನು ಓದಿ ಕಚೇರಿಯಲ್ಲಿ ಒಬ್ಬರು ‘ಇದನ್ನೂ ಪತ್ರದಲ್ಲಿ ಬರೀತಾರಾ?’ ಅಂತ ನಕ್ಕರು. ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಮಾಡಿಕೊಂಡದ್ದೂ ಅವರೇ.

ಮೊದಲು ಕಟ್ಟಿ ಆಮೇಲೆ ಕೆಡವೋದಕ್ಕೆ ಒಪ್ಪಿದರು. ಬೇಲಿ ಬಂತು. ಅಂಗಡಿಗಳು ಇಲ್ಲ ಅಂತ ಬಾಯಲ್ಲಿ ಹೇಳಿದ್ದಾರೆ, ಕಾಗದದಲ್ಲಿ ಇಲ್ಲ. ಬೇರೆ ಪೈಪು ‘ಅನುದಾನ ನೋಡಿ’ ಅನ್ನೋ ಹಂತದಲ್ಲಿದೆ. ಹೆಸರಿನ ಪಟ್ಟಿ ಬಂದಿದೆ, ಅದರಲ್ಲಿ 22 ಹೆಸರು. ಉಳಿದ ಎರಡು ಮನೆಯವರು ತೀರಿಕೊಂಡ ನೌಕರರ ಕುಟುಂಬ. ಅವರ ಕಡತ ಹಿಡಿದು ತಿಂಗಳಿಗೊಂದು ಸಲ ಹೋಗಿ ಬರ್ತಿದ್ದೀನಿ.

ಹೋದ ವಾರ ಮೊದಲ ಬ್ಲಾಕಿನ ನೆಲಮಹಡಿಗೆ ಗೋಡೆ ಎದ್ದಿತ್ತು. ಅವತ್ತು ಮಂಚ ತರಿಸಿದ್ದ ತಾಯಿ ಕೆಲಸ ಮುಗಿಸಿ ಬಂದವರು ‘ಅಣ್ಣ, ಟೇಪು ಐತಾ?’ ಅಂದರು. ಒಂದು ತುದಿ ಅವರು ಹಿಡಿದರು, ಒಂದು ನಾನು. ಮಂಚ ಹಾಕೋ ಗೋಡೆ 6 ಅಡಿ 5 ಇಂಚು. ಗಾರೆ ಆದಮೇಲೆ ಒಂದಿಂಚು ಹೋಗುತ್ತೆ ಅಂದೆ. ‘ಹೋಗ್ಲಿ ಬಿಡಿ’ ಅಂದರು.