ಮಕ್ಕಳ ಮೆದುಳಿನ ಬೆಳವಣಿಗೆ ಸಂಶೋಧನೆ: ಕೋಲಾರದ ಪದವೀಧರರಿಗೆ ಮೊದಲ ಕೆಲಸ ಹಿಡಿಯುವ ದಾರಿ

ಆಟಿಸಂ, ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಅತಿಯಾದ ಚಟುವಟಿಕೆ), ಬೌದ್ಧಿಕ ಅಸಾಮರ್ಥ್ಯ, ಕಲಿಕೆಯ ತೊಂದರೆ. ಇವೆಲ್ಲ ಮಗುವಿನ ಮೆದುಳು ಬೆಳೆಯುವ ಹಂತದಲ್ಲೇ ಶುರುವಾಗುತ್ತವೆ. ಇವುಗಳ ಸಂಶೋಧನೆಯ ಹೊಣೆ ಡಾಕ್ಟರದು. ಆದರೆ ಮನೆಯವರಿಗೆ ಫೋನ್ ಮಾಡಿ ಕರೆಸುವುದು, ಒಪ್ಪಿಗೆ ಪತ್ರ ವಿವರಿಸುವುದು, ಪ್ರಶ್ನೆ ಕೇಳಿ ಫಾರ್ಮ್ ತುಂಬಿಸುವುದು, ಫೈಲು ಜೋಡಿಸುವುದು ಹೆಚ್ಚಾಗಿ ರಿಸರ್ಚ್ ಕೋಆರ್ಡಿನೇಟರ್ ಕೆಲಸ. ಬಿಎಸ್ಸಿ, ಸೈಕಾಲಜಿ, ನರ್ಸಿಂಗ್, ಬಿ.ಫಾರ್ಮ, ಎಂಎಸ್‌ಡಬ್ಲ್ಯೂ ಓದಿದವರು ಈ ಕೆಲಸಕ್ಕೆ ಪ್ರಯತ್ನಿಸಬಹುದು. ಜಾಹೀರಾತಿನಲ್ಲಿ ರಿಸರ್ಚ್ ಅಸಿಸ್ಟೆಂಟ್, ಪ್ರಾಜೆಕ್ಟ್ ಅಸಿಸ್ಟೆಂಟ್ ಅಂತಲೂ ಇರುತ್ತದೆ. ಹೆಸರು ನೋಡಿ ಬಿಡಬೇಡಿ, ಕೆಲಸದ ವಿವರ ಓದಿ.

ಸರ್ಟಿಫಿಕೇಟಿಗಿಂತ ಮೊದಲು ಮಕ್ಕಳನ್ನು ನೋಡಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೇ ಹೋಗಿ ತಪಾಸಣೆ ಮಾಡುತ್ತವೆ. ಬೆಳವಣಿಗೆ ನಿಧಾನ ಅನ್ನಿಸಿದ ಮಕ್ಕಳನ್ನು ಇಂಥ ತೊಂದರೆಗೆ ಬೇಗನೆ ನೆರವು ಕೊಡುವ ಡಿಇಐಸಿ ಎಂಬ ಜಿಲ್ಲಾ ಕೇಂದ್ರಕ್ಕೆ ಕಳಿಸುತ್ತವೆ. ಅಂಥ ಕೇಂದ್ರದಲ್ಲೋ ವಿಶೇಷ ಶಾಲೆಯಲ್ಲೋ ಅನುಮತಿ ಕೇಳಿ ಕೆಲವು ವಾರ ಸ್ವಯಂಸೇವೆ ಮಾಡಿ. ಒಂದೇ ಕಡೆ ಕೂರದ ಮಗುವಿನ ಜೊತೆ ಅರ್ಧ ಗಂಟೆ ಕಳೆದರೆ, ಈ ಕೆಲಸ ನಿಮಗೆ ಒಗ್ಗುತ್ತಾ ಇಲ್ವಾ ಗೊತ್ತಾಗುತ್ತದೆ.

ಆಮೇಲೆ ಜಿಸಿಪಿ, ಅಂದರೆ ಗುಡ್ ಕ್ಲಿನಿಕಲ್ ಪ್ರಾಕ್ಟೀಸ್ ತರಬೇತಿ. ಜನರ ಮೇಲೆ ನಡೆಸುವ ವೈದ್ಯಕೀಯ ಸಂಶೋಧನೆಯ ನಿಯಮಗಳನ್ನು ಕಲಿಸುವುದು ಇದೇ. ಇದನ್ನು ಆನ್‌ಲೈನಿನಲ್ಲಿ ಉಚಿತವಾಗಿಯೂ ಮಾಡಬಹುದು. ಕೆಲಸ ಗ್ಯಾರಂಟಿ ಅಂತ ದೊಡ್ಡ ಫೀಸು ಕೇಳುವ ಕೋರ್ಸಿಗೆ ಸುಮ್ನೆ ಸಾಲ ಮಾಡಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿಯಲ್ಲಿ ಮಕ್ಕಳ ಬಗ್ಗೆ ಇರುವ ಭಾಗವನ್ನಂತೂ ಓದಲೇಬೇಕು. ತಂದೆ ತಾಯಿ ಸಹಿ ಹಾಕಿದರೆ ಮುಗಿಯಲಿಲ್ಲ. 7ರಿಂದ 12 ವರ್ಷದ ಮಗುವಿನ ಸಮ್ಮತಿಯನ್ನು ಬಾಯಿಮಾತಿನಲ್ಲಿ, ಅದಕ್ಕಿಂತ ದೊಡ್ಡವರದ್ದನ್ನು 18ರವರೆಗೆ ಬರವಣಿಗೆಯಲ್ಲಿ ಪಡೆಯಬೇಕು. ಓದಲು ಬರದ ಪೋಷಕರಾದರೆ ಹೆಬ್ಬೆಟ್ಟಿನ ಜೊತೆ ತಂಡಕ್ಕೆ ಸೇರದ ಸಾಕ್ಷಿಯೊಬ್ಬರ ಸಹಿ ಬೇಕು.

ಹೀಗೆ ಒಪ್ಪಿಗೆ ಕೇಳುವಾಗ ಕೋಲಾರದವರಿಗೆ ಒಂದು ದೊಡ್ಡ ಬಲ ಅವರಿಗೆ ಬರುವ ಭಾಷೆಗಳು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ತೆಲುಗು, ಕೆಜಿಎಫ್‌ನಲ್ಲಿ ತಮಿಳು, ಊರೂರಲ್ಲಿ ಉರ್ದು ಕೇಳಿಯೇ ಬೆಳೆದಿರುತ್ತೀರಿ. ಅರ್ಜಿಯಲ್ಲಿ ಇದನ್ನು ಮೇಲೆಯೇ ಬರೆಯಿರಿ. ಒಬ್ಬ ತಾಯಿ ‘ಇದಕ್ಕೆ ಸೇರಿಸಿದ್ರೆ ನನ್ನ ಮಗ ಮಾತಾಡ್ತಾನಾ?’ ಅಂತ ಕೇಳುತ್ತಾಳೆ. ಹೌದು ಅನ್ನಲು ಮನಸ್ಸು ಎಳೆಯುತ್ತದೆ. ಅನ್ನಬಾರದು. ‘ಅದನ್ನ ಈಗಲೇ ಹೇಳೋಕಾಗಲ್ಲಮ್ಮ. ಉಪಯೋಗ ಇದೆಯಾ ಅಂತ ತಿಳಿಯೋಕೇ ಈ ಅಧ್ಯಯನ. ಸೇರದಿದ್ರೂ ಮಾಮೂಲಿ ಚಿಕಿತ್ಸೆ ನಿಲ್ಲಲ್ಲ, ಮಧ್ಯದಲ್ಲಿ ಬಿಟ್ಟರೂ ಯಾರೂ ಬೈಯಲ್ಲ’ ಅಂತ ಅವಳ ಭಾಷೆಯಲ್ಲೇ ಹೇಳಬೇಕು. ಮನೆಯಲ್ಲಿ ಜೋರಾಗಿ ಹೇಳಿ ಅಭ್ಯಾಸ ಮಾಡಿ. ನನ್ನ ಮಟ್ಟಿಗೆ ಈ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದ್ದು ಬೇರೆ ಇಲ್ಲ.

ಇನ್ನು ಬರೆದಿಡುವ ಶಿಸ್ತು. ತಾರೀಖು ತಪ್ಪಾದರೆ ವೈಟ್ನರ್ ಹಚ್ಚುವಂತಿಲ್ಲ. ಹಳೆಯದು ಓದಲು ಸಿಗುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ್ದು ಬರೆದು, ಇನಿಷಿಯಲ್ ಮತ್ತು ತಿದ್ದಿದ ದಿನದ ತಾರೀಖು ಹಾಕಬೇಕು. ತಾಯಿ ಹೇಳಿದ್ದನ್ನು ಆಗಲೇ ಬರೆಯಬೇಕು, ಸಂಜೆ ನೆನಪಿನಿಂದ ತುಂಬಬಾರದು. ಅಂಕಿಅಂಶದ ಹಾಳೆಯಲ್ಲಿ ಮಗುವಿನ ಹೆಸರಿಲ್ಲ, ಕೋಡ್ ನಂಬರ್ ಮಾತ್ರ. ಹಳ್ಳಿಯಲ್ಲಿ ಒಬ್ಬರಿಗೆ ಗೊತ್ತಾದರೆ ಊರಿಗೆಲ್ಲ ಗೊತ್ತಾದಂತೆ, ಅಲ್ವಾ? ವಾಟ್ಸ್ಆ್ಯಪ್‌ನಲ್ಲಿ ಫೋಟೊ ಹಾಕುವುದಂತೂ ಕೂಡದು.

ಆಟಿಸಂ ಅಳೆಯುವ 40 ಅಂಶಗಳ ಐಎಸ್ಎಎ ಮಾಪಕವನ್ನು ಒಮ್ಮೆ ಓದಿಕೊಳ್ಳಿ. ತರಬೇತಿ ಇಲ್ಲದೆ ಯಾವ ಮಗುವಿಗೂ ಹಣೆಪಟ್ಟಿ ಹಚ್ಚಬೇಡಿ.

ಅರ್ಜಿಗೆ ಬೆಂಗಳೂರಿನ ನಿಮ್ಹಾನ್ಸ್, ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಗಳ ವೆಬ್‌ಸೈಟ್ ಆಗಾಗ ನೋಡಿ. ಟಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜಿನಲ್ಲೂ ವಿಚಾರಿಸಿ. ಹಲವು ಕಡೆ ವಾಕ್-ಇನ್ ಸಂದರ್ಶನ ಇರುತ್ತದೆ, ಮೂಲ ದಾಖಲೆ ಮರೆಯಬೇಡಿ. ಬಂಗಾರಪೇಟೆಯಿಂದ ರೈಲಿಗೆ ಬರುವವರು ಒಂದು ಗಾಡಿ ಮುಂಚೆಯೇ ಹೊರಡಿ. ಇವು ಸಾಮಾನ್ಯವಾಗಿ ಗುತ್ತಿಗೆ ಕೆಲಸಗಳು, ಪ್ರಾಜೆಕ್ಟ್ ಮುಗಿದರೆ ಕೆಲಸವೂ ಮುಗಿಯಬಹುದು. ಅದಕ್ಕೇ ಸಂದರ್ಶನದಲ್ಲಿ ಸಂಕೋಚವಿಲ್ಲದೆ ಕೇಳಿ: ಪ್ರಾಜೆಕ್ಟ್ ಇನ್ನೆಷ್ಟು ತಿಂಗಳಿದೆ, ಮನೆಭೇಟಿಗೆ ಬಸ್ ಚಾರ್ಜ್ ಯಾರು ಕೊಡುತ್ತಾರೆ, ಭಾನುವಾರ ಬರಬೇಕಾ.