ಉತ್ತರ ಬರುವ ಮೊದಲೇ ನಿಲ್ಲಿಸಿ: ಮೂರು ನಿಮಿಷದ ವಿಡಿಯೋ ಪಾಠ, ನನ್ನ ಅನುಭವ

ಮೂರು ನಿಮಿಷದ ಪಾಠದ ವಿಡಿಯೋಗಳನ್ನು ನಾನೇ ಮಾಡಿ ತರಗತಿಯಲ್ಲಿ ಹಾಕುತ್ತೇನೆ. ಶಿಕ್ಷಕರ ಸಮಾಲೋಚನಾ ಸಭೆಗಳಲ್ಲಿ ಇದರ ಬಗ್ಗೆ ನನಗೆ ಬರುತ್ತಿದ್ದ ಪ್ರಶ್ನೆ ಒಂದೇ. ‘ಯೂಟ್ಯೂಬ್‌ನಲ್ಲಿ ಸಾವಿರಾರು ವಿಡಿಯೋ ಬಿದ್ದಿವೆ. ಪುಸ್ತಕದಲ್ಲೇ ದೀಕ್ಷಾ ಕ್ಯೂಆರ್ ಕೋಡ್ ಇದೆ. ನಿಮಗ್ಯಾಕೆ ಈ ಉಸಾಬರಿ?’ ಹಾಗೆ ಕೇಳಿದವರಲ್ಲಿ ಮೂರ್ನಾಲ್ಕು ಜನ ಈಗ ಪೆನ್‌ಡ್ರೈವ್ ಹಿಡಿದು ಬರುತ್ತಿದ್ದಾರೆ. ಪ್ರತಿಯೊಬ್ಬರಿಗೂ ಮೊದಲಿಂದ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡುವುದು ಸುಲಭ ಅನ್ನಿಸಿತು.

ನಮ್ಮದು ಕನ್ನಡ ಮಾಧ್ಯಮದ ಸರ್ಕಾರಿ ಹೈಸ್ಕೂಲ್. ನಾನು ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಓದಿ ಬಂದ ಮೇಷ್ಟ್ರು. ಬೇರೆಯವರ ವಿಡಿಯೋಗಳನ್ನು ನಾನು ಹಾಕದೇ ಇದ್ದವನಲ್ಲ. 2017ರಲ್ಲಿ ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ತಾಣ ದೀಕ್ಷಾ ಬಂದ ಮೇಲೆ ವರ್ಷಗಟ್ಟಲೆ ಹಾಕಿದ್ದೇನೆ. ಮಕ್ಕಳು ಗಲಾಟೆ ಮಾಡದೆ ಕೂತು ನೋಡುತ್ತಿದ್ದರು. ‘ಅರ್ಥ ಆಯ್ತಾ?’ ಅಂದರೆ ‘ಆಯ್ತು ಸಾರ್’ ಅಂತ ಒಕ್ಕೊರಲಿನ ಉತ್ತರ. ಮಾರನೇ ದಿನ ಕೇಳಿದರೆ ಎಲ್ಲರೂ ಬೆಂಚು ನೋಡುತ್ತಿದ್ದರು.

ಇದು ನಮ್ಮ ಮಕ್ಕಳ ಕಥೆ ಮಾತ್ರ ಅಲ್ಲ. ವೆರಿಟಾಸಿಯಮ್ ಅನ್ನುವ ವಿಜ್ಞಾನದ ಯೂಟ್ಯೂಬ್ ಚಾನೆಲ್‌ನ ಡೆರೆಕ್ ಮುಲ್ಲರ್ 2008ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮುಗಿಸಿದ್ದು ಇದೇ ವಿಷಯದ ಮೇಲೆ. ನೀಟಾಗಿ ವಿವರಿಸುವ ವಿಡಿಯೋ ನೋಡಿದವರು ಸ್ಪಷ್ಟವಾಗಿತ್ತು ಅಂದರು, ಕಲಿತದ್ದು ಮಾತ್ರ ಕಡಿಮೆ. ತಪ್ಪು ಕಲ್ಪನೆಯನ್ನೇ ಎತ್ತಿಕೊಂಡು ಚರ್ಚೆ ಮಾಡುವ ವಿಡಿಯೋ ಗೊಂದಲ ಅನ್ನಿಸಿತು, ಆದರೆ ತಲೆಗೆ ಹತ್ತಿತು. ಇದನ್ನು ಓದಿದ ಮೇಲೆ ನಾನು ಇನ್ನೊಂದು ಹೆಜ್ಜೆ ಮುಂದೆ ಹೋದೆ. ವಿಡಿಯೋದಿಂದ ಉತ್ತರವನ್ನೇ ಕಿತ್ತುಹಾಕಿದೆ.

10ನೇ ತರಗತಿಯ ಬೆಳಕಿನ ಪಾಠದ ಅಭ್ಯಾಸದಲ್ಲಿ ಒಂದು ಪ್ರಶ್ನೆ ಇದೆ, ನಿಮಗೆಲ್ಲ ಗೊತ್ತು. ಪೀನ ಮಸೂರದ ಅರ್ಧ ಭಾಗಕ್ಕೆ ಕಪ್ಪು ಕಾಗದ ಮುಚ್ಚಿದರೆ ಪೂರ್ತಿ ಪ್ರತಿಬಿಂಬ ಬರುತ್ತದಾ? ನನ್ನ ವಿಡಿಯೋ ಇಷ್ಟೇ: ಮೇಣದಬತ್ತಿ, ಮಸೂರ, ಪರದೆ, ಪರದೆಯ ಮೇಲೆ ತಲೆಕೆಳಗಾದ ಜ್ವಾಲೆ. ಒಂದು ಕೈ ಕಪ್ಪು ಕಾಗದ ಹಿಡಿದು ಮಸೂರದ ಹತ್ತಿರ ಬರುತ್ತದೆ. ಕಾಗದ ಇನ್ನೇನು ಮುಚ್ಚಬೇಕು, ಅಲ್ಲಿಗೆ ಕಟ್. ಟಿವಿ ಕಪ್ಪಾಗುತ್ತದೆ. ಮಕ್ಕಳು ನೋಟ್‌ಬುಕ್‌ನಲ್ಲಿ ಪರದೆಯ ಚಿತ್ರ ಬರೆಯಬೇಕು. ಮೊದಲ ಸಲ ಹಾಕಿದಾಗ ಮುಕ್ಕಾಲು ಪಾಲು ಮಕ್ಕಳು ಅರ್ಧ ಜ್ವಾಲೆ ಬರೆದರು. ಅದರಲ್ಲೂ ಮೇಲಿನ ಅರ್ಧ ಹೋಗುತ್ತದೋ ಕೆಳಗಿನ ಅರ್ಧವೋ ಅಂತ ಜಗಳ. ಆಮೇಲೆ ಮೇಜಿನ ಮೇಲೆ ನಿಜವಾದ ಮಸೂರ ಇಟ್ಟು ಮುಚ್ಚಿ ತೋರಿಸಿದೆ. ಜ್ವಾಲೆ ಪೂರ್ತಿ ಇತ್ತು, ಸ್ವಲ್ಪ ಮಂಕಾಗಿತ್ತು ಅಷ್ಟೇ. ಆ ಪಿರಿಯಡ್‌ನಲ್ಲಿ ನಾನು ಮಾತಾಡಿದ್ದು ಬಹಳ ಕಡಿಮೆ.

‘ಹಾಗಿದ್ದರೆ ನೇರವಾಗಿ ಪ್ರಯೋಗವನ್ನೇ ಮಾಡಬಹುದಲ್ವಾ, ವಿಡಿಯೋ ಯಾಕೆ?’ ಅಂತ ನಮ್ಮ ಶಾಲೆಯಲ್ಲೇ ಒಬ್ಬರು ಕೇಳಿದರು. ಒಳ್ಳೆ ಪ್ರಶ್ನೆ. ಮೇಜಿನ ಪ್ರಯೋಗವನ್ನು ಹಿಂದಿನ ಬೆಂಚಿನವರಿಗೆ ಕಾಣುವಂತೆ ಮಧ್ಯದಲ್ಲಿ ನಿಲ್ಲಿಸಲು ಆಗುವುದಿಲ್ಲ. ನಿಲ್ಲಿಸಿದರೂ ಮೊದಲ ಬೆಂಚಿನವರು ನನ್ನ ಮುಖ ನೋಡಿ ಉತ್ತರ ಊಹಿಸುತ್ತಾರೆ. ವಿಡಿಯೋಗೆ ಮುಖ ಇಲ್ಲ.

ಇನ್ನು ದುಡ್ಡಿನ ವಿಷಯ. ಶುರುವಿನಲ್ಲಿ ಅನಿಮೇಷನ್ ಮಾಡುವವರೊಬ್ಬರಿಗೆ ಎರಡು ವಿಡಿಯೋಗೆ ಆರು ಸಾವಿರದ ಹತ್ತಿರ ಕೊಟ್ಟೆ. ಬಂದದ್ದು ಮದುವೆ ಸಿಡಿ ತರಹ. ಹಿನ್ನೆಲೆ ಸಂಗೀತ, ತಿರುಗುವ ಅಕ್ಷರ, ಹಾರುವ ಎಲೆಕ್ಟ್ರಾನು. ಮಕ್ಕಳು ಎಲೆಕ್ಟ್ರಾನಿನ ಬಣ್ಣ ನೆನಪಿಟ್ಟುಕೊಂಡರು. ಆಮೇಲೆ ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರ್, ಒಂಬತ್ತು ಸಾವಿರವೋ ಏನೋ. ನಮ್ಮ ಕೊಠಡಿಗೆ ಎರಡೂ ಕಡೆ ಕಿಟಕಿ, ಹಗಲು ಹೊತ್ತು ಗೋಡೆ ಮೇಲೆ ಏನೂ ಕಾಣುವುದಿಲ್ಲ. ಕಿಟಕಿ ಮುಚ್ಚಿದರೆ ಸೆಕೆ. ಕೆಲವೇ ತಿಂಗಳಲ್ಲಿ ಲ್ಯಾಂಪ್ ಹೋಯಿತು. ಹೊಸ ಲ್ಯಾಂಪಿನ ಬೆಲೆ ಕೇಳಿ ಪ್ರೊಜೆಕ್ಟರನ್ನು ಬೀರುವಿನ ಮೇಲೆ ಇಟ್ಟುಬಿಟ್ಟೆ. ಕೊನೆಗೆ ಕೈ ಹಿಡಿದದ್ದು ಹಳೆ ವಿದ್ಯಾರ್ಥಿಗಳು ಸೇರಿ ಕೊಟ್ಟ 32 ಇಂಚಿನ ಮಾಮೂಲಿ ಟಿವಿ. ಕಾಲರ್ ಮೈಕ್, ಟ್ರೈಪಾಡ್, ಒಂದು ಎಲ್‌ಇಡಿ ದೀಪ ಎಲ್ಲ ಸೇರಿ ಮೂರು ಸಾವಿರದೊಳಗೆ. ಕ್ಯಾಮೆರಾ ಅಂದರೆ ನನ್ನ ಫೋನೇ. ಸ್ಮಾರ್ಟ್ ಕ್ಲಾಸ್ ಹೆಸರಲ್ಲಿ ಲಕ್ಷಗಟ್ಟಲೆ ಕೊಟೇಶನ್ ಕೊಡುವವರಿಗೆ ಈ ಲೆಕ್ಕ ತೋರಿಸಬೇಕು.

ಟಿವಿ ವಿಷಯದಲ್ಲಿ ಎರಡು ಮಾತು. ಎಷ್ಟೋ ಹಳೆ ಟಿವಿಗಳು ಎಫ್‌ಎಟಿ32 ಅಂತ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್ ಮಾತ್ರ ಓದುತ್ತವೆ. ಹೊಸ ಫೋನ್‌ಗಳು ಎಚ್‌ಇವಿಸಿ ಅನ್ನುವ ಹೊಸ ವಿಡಿಯೋ ನಮೂನೆಯಲ್ಲಿ ರೆಕಾರ್ಡ್ ಮಾಡಿದರೆ ಅಂಥ ಟಿವಿಯಲ್ಲಿ ಧ್ವನಿ ಬರುತ್ತದೆ, ಚಿತ್ರ ಬರುವುದಿಲ್ಲ. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ತಂತ್ರಾಂಶದಲ್ಲಿ ಎಚ್.264 ಅನ್ನುವ ಹಳೆ ನಮೂನೆಗೆ ಬದಲಿಸಿ, ಫ್ರೇಮ್ ರೇಟ್ ಕಾನ್‌ಸ್ಟಂಟ್ ಅಂತ ಇಡಿ. ಇಲ್ಲದಿದ್ದರೆ ಎಡಿಟ್ ಮಾಡುವಾಗ ಧ್ವನಿ ಮತ್ತು ತುಟಿ ನಿಧಾನಕ್ಕೆ ಬೇರೆಬೇರೆ ದಾರಿ ಹಿಡಿಯುತ್ತವೆ. ಚಿತ್ರದಲ್ಲಿ ಅಡ್ಡ ಪಟ್ಟಿ ಓಡುತ್ತಿದ್ದರೆ ಅದು ಟ್ಯೂಬ್‌ಲೈಟಿನ ಕೆಲಸ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಶಟರ್ 50ರಲ್ಲಿ ಒಂದು ಅಥವಾ 100ರಲ್ಲಿ ಒಂದು ಸೆಕೆಂಡಿಗೆ ಇಟ್ಟರೆ ಪಟ್ಟಿ ಮಾಯ. ಕನ್ನಡ ಅಕ್ಷರ ಹಾಕುವುದು ಇನ್ನೊಂದು ತಲೆನೋವು. ನುಡಿಯ ಹಳೆ ಎನ್‌ಕೋಡಿಂಗ್‌ನಲ್ಲಿ ಟೈಪ್ ಮಾಡಿದ್ದನ್ನು ಎಡಿಟರ್‌ಗೆ ಹಾಕಿದರೆ ಕಸ ಬರುತ್ತದೆ. ಯೂನಿಕೋಡ್ ಹಾಕಿದರೂ ಕೆಲವು ಎಡಿಟರ್‌ಗಳಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ನಿಲ್ಲುತ್ತದೆ. ‘ವಿದ್ಯುತ್’ ಅನ್ನುವ ಪದ ನೋಡಲಾಗುತ್ತಿರಲಿಲ್ಲ. ಈಗ ಇಂಕ್‌ಸ್ಕೇಪ್ ಅನ್ನುವ ಚಿತ್ರ ಬರೆಯುವ ತಂತ್ರಾಂಶದಲ್ಲಿ ಬರೆದು ಪಿಎನ್‌ಜಿ ಚಿತ್ರವಾಗಿಯೇ ಹಾಕುತ್ತೇನೆ. ನಿಜ ಹೇಳಬೇಕೆಂದರೆ ಅಕ್ಷರ ಕಡಿಮೆ ಇದ್ದಷ್ಟೂ ಒಳ್ಳೆಯದು. ಓದುವ ಮಗು ನೋಡುವುದಿಲ್ಲ.

ನನಗೆ ಅತಿ ಜಾಸ್ತಿ ಕಾಟ ಕೊಟ್ಟ ವಿಡಿಯೋ ಸರಣಿ ಜೋಡಣೆಯದು. ಎರಡು ಬಲ್ಬು ಒಂದರ ಹಿಂದೆ ಒಂದು. ಯಾವುದು ಜಾಸ್ತಿ ಉರಿಯುತ್ತದೆ? ಬ್ಯಾಟರಿಗೆ ಹತ್ತಿರ ಇರುವುದು ಅನ್ನುತ್ತಾರೆ ಮಕ್ಕಳು, ಮೊದಲ ಬಲ್ಬು ಕರೆಂಟು ‘ತಿಂದು’ ಮಿಕ್ಕಿದ್ದು ಮುಂದಕ್ಕೆ ಹೋಗುತ್ತದೆ ಅಂತ. ಸ್ವಿಚ್ ಮೇಲೆ ಬೆರಳು ಬರುವವರೆಗೆ ವಿಡಿಯೋ, ಆಮೇಲೆ ತರಗತಿಯಲ್ಲಿ ಮಾಡಿ ನೋಡಬೇಕು. ಒಂದೇ ತರಹದ ಬಲ್ಬುಗಳಾದರೆ ಎರಡೂ ಸಮನಾಗಿ ಉರಿಯಬೇಕು. ಮಾಡಿ ನೋಡಿದರೆ ಒಂದು ಬಲ್ಬು ನಿಜಕ್ಕೂ ಜಾಸ್ತಿ ಉರಿಯಿತು! ಅದೂ ಬ್ಯಾಟರಿಗೆ ಹತ್ತಿರದ್ದೇ. ಮಕ್ಕಳಿಗೆ ಹಬ್ಬ. ಒಂದೇ ಡಬ್ಬಿಯ ಟಾರ್ಚ್ ಬಲ್ಬುಗಳಲ್ಲೂ ರೋಧ ಒಂದೇ ಇರುವುದಿಲ್ಲ. ಎಲ್‌ಇಡಿ ಹಾಕಿದರೆ ಎರಡು ಸೆಲ್ಲಿಗೆ ಎರಡೂ ಹತ್ತುವುದೇ ಇಲ್ಲ. ತಂತಿ ಇರುವ ಹಳೆ ಟಾರ್ಚ್ ಬಲ್ಬೇ ಬೇಕು, ಅದು ಈಗ ಅಂಗಡಿಗಳಲ್ಲಿ ಸಿಗುವುದು ಕಷ್ಟ. ಹುಡುಕಿ ಹುಡುಕಿ ಮೂವತ್ತರಷ್ಟು ಕೊಂಡು ಜೋಡಿ ಆರಿಸಿದೆ. ಜೋಡಿ ಆರಿಸಲು ನನ್ನದೊಂದು ಉಪಾಯ ಇದೆ, ಮಲ್ಟಿಮೀಟರ್ ಬೇಕಾಗಿಲ್ಲ. ಅದನ್ನು ಸದ್ಯಕ್ಕೆ ಬರೆಯುವುದಿಲ್ಲ, ಎದುರು ಸಿಕ್ಕಾಗ ತೋರಿಸುತ್ತೇನೆ. ಆದರೆ ಆ ಎಡವಟ್ಟಿನ ಜೋಡಿಯನ್ನೂ ಎಸೆಯಲಿಲ್ಲ. ಎರಡನೇ ವಿಡಿಯೋದಲ್ಲಿ ಅದನ್ನೇ ಬಳಸಿದೆ: ‘ಈಗ ಬಲ್ಬುಗಳ ಜಾಗ ಅದಲು ಬದಲು ಮಾಡಿದರೆ?’ ಅಂತ ನಿಲ್ಲಿಸುತ್ತೇನೆ. ಜಾಸ್ತಿ ಉರಿಯುವ ಬಲ್ಬು ಎಲ್ಲಿಗೆ ಹೋದರೂ ಜಾಸ್ತಿಯೇ ಉರಿಯುತ್ತದೆ. ಕರೆಂಟು ತಿನ್ನುವ ವಾದ ಅಲ್ಲಿಗೆ ಸತ್ತಿತು.

ಗಣಿತಕ್ಕೆ ಇದು ಆಗುವುದಿಲ್ಲ ಅಂತ ಖಡಾಖಂಡಿತವಾಗಿ ಹೇಳಿದವರಿದ್ದರು. ಅವರಿಗೆ ಶಂಕುವಿನ ವಿಡಿಯೋ ತೋರಿಸುತ್ತೇನೆ. ಒಂದೇ ಪಾದ, ಒಂದೇ ಎತ್ತರದ ಸಿಲಿಂಡರು ಮತ್ತು ಶಂಕು, ಪಕ್ಕದಲ್ಲಿ ಒಂದು ಪಾತ್ರೆ ರಾಗಿ. ಎಷ್ಟು ಶಂಕು ರಾಗಿ ಸುರಿದರೆ ಸಿಲಿಂಡರು ತುಂಬುತ್ತದೆ? ಎರಡು ಅನ್ನುವವರೇ ಹೆಚ್ಚು, ಬೇಕಾಗುವುದು ಮೂರು. ಮಾಡುವಾಗ ಓರೆ ಎತ್ತರದಲ್ಲಿ (ಶಂಕುವಿನ ತುದಿಯಿಂದ ಪಾದದ ಅಂಚಿನವರೆಗಿನ ಉದ್ದ) ಎಡವಬೇಡಿ. ತ್ರಿಜ್ಯ 5 ಸೆಂಮೀ, ಎತ್ತರ 12 ಸೆಂಮೀ ಇಟ್ಟರೆ ಓರೆ ಎತ್ತರ ಸರಿಯಾಗಿ 13. ಅಂದರೆ 13 ಸೆಂಮೀ ತ್ರಿಜ್ಯದ ವೃತ್ತದಲ್ಲಿ ಸುಮಾರು 138 ಡಿಗ್ರಿಯ ತುಂಡು ಕತ್ತರಿಸಿ ಸುತ್ತಬೇಕು. ಅವಸರಕ್ಕೆ 12ರ ತ್ರಿಜ್ಯದಲ್ಲಿ ಕತ್ತರಿಸಿದರೆ ಶಂಕು ಗಿಡ್ಡವಾಗಿ, ಮೂರು ಸಲ ಸುರಿದರೂ ಸಿಲಿಂಡರು ತುಂಬುವುದಿಲ್ಲ. ಈಗ ಒಂದು ಗುಂಪಿಗೆ ಬೇಕಂತಲೇ ಆ ಗಿಡ್ಡ ಶಂಕು ಕೊಡುತ್ತೇನೆ. ಯಾಕೆ ತುಂಬಲಿಲ್ಲ ಅಂತ ಅವರೇ ಪೈಥಾಗೊರಸ್ ಹಾಕಿ ಹೇಳಬೇಕು.

ರಸಾಯನಶಾಸ್ತ್ರ ನಾನು ಶಾಲೆಯಲ್ಲಿ ಕಲಿಸುವ ವಿಷಯ ಅಲ್ಲ. ಆದರೂ ಕೈ ಸುಮ್ಮನಿರಲಿಲ್ಲ. ಉಕ್ಕಿನ ಉಣ್ಣೆಯನ್ನು (ಸ್ಟೀಲ್ ವೂಲ್) ತಕ್ಕಡಿ ಮೇಲೆ ಸುಟ್ಟರೆ ತೂಕ ಏರುತ್ತದೋ ಇಳಿಯುತ್ತದೋ? ಇಳಿಯುತ್ತದೆ ಅಂತ ಇಡೀ ಕ್ಲಾಸು. ಆಮ್ಲಜನಕ ಸೇರಿ ಏರುತ್ತದೆ ಅನ್ನುವುದು ನಮಗೆ ಗೊತ್ತು, ತೋರಿಸುವುದು ಸುಲಭ ಅಲ್ಲ. ಪಾತ್ರೆ ಉಜ್ಜುವ ಸ್ಟೇನ್‌ಲೆಸ್ ಸುರುಳಿ ಉರಿಯುವುದೇ ಇಲ್ಲ. ಮರಗೆಲಸದವರು ಬಳಸುವ ತೆಳು ಎಳೆಯದ್ದೇ ಆಗಬೇಕು. ಜೊತೆಗೆ 0.01 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ, ಐನೂರರ ಆಸುಪಾಸು. ಮೊದಲ ತಕ್ಕಡಿ ಬಿಸಿಗೆ ಕರಗಿತು. ಎರಡನೆಯದರ ಮೇಲೆ ಟೈಲ್ ತುಂಡು ಇಟ್ಟೆ, ಬದುಕಿತು. ಈ ಒಂದು ಪ್ರಯೋಗದ ಉತ್ತರವನ್ನು ಮಾತ್ರ ಪ್ರತ್ಯೇಕ ವಿಡಿಯೋ ಮಾಡಿಟ್ಟಿದ್ದೇನೆ, ಪ್ರತಿ ವರ್ಷ ತಕ್ಕಡಿ ಸುಡಲು ನನ್ನ ಸಂಬಳ ಸಾಲದು.

ಫಲಿತಾಂಶ? ಮಸೂರದ ಪ್ರಶ್ನೆಗೆ ಮುಂಚೆ ಅರ್ಧಕ್ಕಿಂತ ಹೆಚ್ಚು ಮಕ್ಕಳು ತಪ್ಪು ಬರೆಯುತ್ತಿದ್ದರು. ಹೋದ ವರ್ಷದ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ತಪ್ಪು ಬರೆದವರು ಐದಾರು ಮಂದಿ ಇರಬಹುದು. ಪಾಠ ಮುಗಿದು ಮೂರು ನಾಲ್ಕು ತಿಂಗಳಾದ ಮೇಲೆ ಅಂತ ನೆನಪಿಡಿ. ಹಾಗಂತ ಎಲ್ಲಕ್ಕೂ ಇದು ಆಗುವುದಿಲ್ಲ. ದರ್ಪಣ, ಮಸೂರಗಳ ಚಿಹ್ನೆ ನಿಯಮಕ್ಕೆ (ಯಾವ ದೂರ ಧನ, ಯಾವುದು ಋಣ ಅನ್ನುವುದಕ್ಕೆ) ಮಾಡಿದ ವಿಡಿಯೋಗಳನ್ನೆಲ್ಲ ಅಳಿಸಿಹಾಕಿದೆ. ಅದು ನಾವು ಮಾಡಿಕೊಂಡ ಒಪ್ಪಂದ, ಊಹಿಸಲು ಅಲ್ಲಿ ಏನೂ ಇಲ್ಲ. ಕಪ್ಪುಹಲಗೆ, ಸೀಮೆಸುಣ್ಣ ಸಾಕು. ವಿಡಿಯೋ ಯಾವ ಪಾಠಕ್ಕೆ, ಎಲ್ಲಿ ಕಟ್ ಮಾಡಬೇಕು ಅಂತ ಗುರುತಿಸುವುದೇ ಇದರ ಅರ್ಧ ಕೆಲಸ. ನಾನು ಆ ಜಾಗವನ್ನು ಮಕ್ಕಳ ಹಳೆ ಉತ್ತರ ಪತ್ರಿಕೆಗಳಿಂದ ಹಿಡಿಯುತ್ತೇನೆ. ಹೇಗೆ ಅನ್ನುವುದು ನಿಮ್ಮ ನಿಮ್ಮ ಪತ್ರಿಕೆ ಕಟ್ಟು ಬಿಚ್ಚಿದರೆ ನಿಮಗೇ ಗೊತ್ತಾಗುತ್ತದೆ.

ಈಗ ಕೈಯಲ್ಲಿರುವುದು ಜೂನ್‌ನ ಸೇತುಬಂಧಕ್ಕೆ, ಅಂದರೆ ವರ್ಷದ ಶುರುವಿನಲ್ಲಿ ಹಿಂದಿನ ತರಗತಿಯ ಪಾಠ ನೆನಪಿಸುವ ಕಾರ್ಯಕ್ರಮಕ್ಕೆ, ಒಂದು ವಿಡಿಯೋ. ಋಣ ಸಂಖ್ಯೆಯನ್ನು ಋಣ ಸಂಖ್ಯೆಯಿಂದ ಗುಣಿಸಿದರೆ ಧನ ಯಾಕೆ? ಸಾಲದ ಲೆಕ್ಕ, ಥರ್ಮಾಮೀಟರ್ ಎಲ್ಲ ಹೇಳಿ ನೋಡಿದೆ, 8ನೇ ತರಗತಿಯವರು ಒಪ್ಪಲಿಲ್ಲ. ವಿಡಿಯೋದಲ್ಲಿ ಮಾತ್ರ ಸಾಧ್ಯವಾಗುವ ಒಂದು ದಾರಿ ಇದೆ. ನೆಲದ ಮೇಲೆ ಸಂಖ್ಯಾರೇಖೆ ಎಳೆದು, ಒಬ್ಬ ಹುಡುಗನನ್ನು ಸೊನ್ನೆಯಿಂದ ಹಿಮ್ಮುಖವಾಗಿ ನಡೆಸಿ ಶೂಟ್ ಮಾಡುವುದು. ಅದು ಋಣ. ಆಮೇಲೆ ಫಿಲ್ಮನ್ನೇ ಹಿಂದಕ್ಕೆ ಓಡಿಸುವುದು. ಅದೂ ಋಣ. ಹುಡುಗ ಮುಂದಕ್ಕೆ ನಡೆಯುತ್ತಾನೆ! ಹುಡುಗ ಸೆಕೆಂಡಿಗೆ 3 ಹೆಜ್ಜೆಯಂತೆ ಹಿಂದಕ್ಕೆ ನಡೆದಿದ್ದು, ಫಿಲ್ಮನ್ನು ಎರಡು ಪಟ್ಟು ವೇಗದಲ್ಲಿ ಹಿಂದಕ್ಕೆ ಓಡಿಸಿದರೆ ಋಣ 3 ಗುಣಿಸು ಋಣ 2 ಕೂಡ ಬರುತ್ತದೆ. ಹೋದ ವಾರ ಶಾಲೆಯ ಅಂಗಳದಲ್ಲಿ ಶೂಟ್ ಮಾಡಿ, ಹಿಂದಕ್ಕೆ ಓಡಿಸಿದ್ದು ಅಂತ ಹೇಳದೆ ಕೆಲವು ಮಕ್ಕಳಿಗೆ ತೋರಿಸಿದೆ. ‘ಇವನು ನಡೆದದ್ದು ಹೇಗೆ?’ ಅಂತ ಕೇಳುವಷ್ಟರಲ್ಲಿ ಮುಂದಿನ ಬೆಂಚಿನ ಹುಡುಗಿ, ‘ಸಾರ್, ಹಿಂದ್ಗಡೆ ಕೋಳಿ ಉಲ್ಟಾ ಹೋಗ್ತಿದೆ’ ಅಂದಳು. ಕೋಳಿ ಬಾರದ ಜಾಗ ನೋಡಿ ಮತ್ತೆ ಶೂಟ್ ಮಾಡಬೇಕು.