ಪಾಟಿ ಕಸ್ಕೋಬ್ಯಾಡ್ರಿ: ನಲಿ-ಕಲಿ ಕೋಣೆಯಲ್ಲಿ ನನ್ನ ಕೆಲಸ

ರಾಯಚೂರು ಜಿಲ್ಲೆಯ ಮಾನ್ವಿ ಕಡೆ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಾನು ಅತಿಥಿ ಶಿಕ್ಷಕಿ. ಕಾಗದದಲ್ಲಿ ಹಾಗಿದೆ. ದಿನಾ ಮಾಡುವುದು ಮಾತ್ರ ಸಹಾಯಕಿಯ ಕೆಲಸ. ಒಂದರಿಂದ ಮೂರನೇ ತರಗತಿ ತನಕ ಎಲ್ಲ ಮಕ್ಕಳೂ ಒಂದೇ ನಲಿ-ಕಲಿ ಕೋಣೆಯಲ್ಲಿ ಕೂರುತ್ತಾರೆ. ತರಗತಿ ನಡೆಸುವವರು ನಮ್ಮ ಮೇಡಂ. ಒಬ್ಬರ ಕೈಲಿ ಆಗುವಷ್ಟು ಮಕ್ಕಳಲ್ಲ ಅಂತ ಹೆಡ್ ಸರ್ ನನ್ನನ್ನು ಅವರ ಜೊತೆ ಹಾಕಿದರು.

ನಲಿ-ಕಲಿ ಅಂದರೆ ಮಕ್ಕಳು ಗುಂಪಿನಲ್ಲಿ ಕೂತು, ಪಾಠದ ಕಾರ್ಡ್ ಹಿಡಿದು, ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಕಡೆ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂತು. ಇಲ್ಲಿ ಮೊದಲು ಕಲಿಸುವುದು ಅ ಆ ಇ ಈ ಅಲ್ಲ, ರ ಗ ಸ ದ ಅ. ಈ ಐದು ಬಂದರೆ ಸಾಕು, ಮಗು ಸರ, ದರ, ಅರಸ, ಗರಗಸ ಅಂತ ಓದುತ್ತದೆ. ಹಳೇ ಕಾಲದ ಅಜ್ಜಂದಿರಿಗೆ ಇದು ಇನ್ನೂ ಒಪ್ಪಿಗೆಯಿಲ್ಲ. ಗೇಟಿನ ಹತ್ತಿರ ಸಿಕ್ಕಾಗೆಲ್ಲ "ಅ ಆ ಯಾವಾಗ ಕಲಸ್ತೀರಿ ಟೀಚರಮ್ಮಾ?" ಅಂತ ಕೇಳುತ್ತಾರೆ.

ಮಕ್ಕಳು ಗುಂಪುಗಳಲ್ಲಿ ಕೂರುತ್ತಾರೆ. ಹೊಸ ಪಾಠ ಹಿಡಿದವರ ಜೊತೆ ಮೇಡಂ ಇರುತ್ತಾರೆ. ತಾವೇ ಅಭ್ಯಾಸ ಮಾಡುವವರು, ಗೆಳೆಯರ ಸಹಾಯದಿಂದ ಮಾಡುವವರು ನನ್ನ ಪಾಲಿಗೆ. ಹೊರಗಿನಿಂದ ನೋಡಿದವರಿಗೆ ನಾನು ಸುಮ್ನೆ ನೆಲದ ಮೇಲೆ ಕೂತಿರುವ ಹಾಗೆ ಕಾಣುತ್ತದೆ. ಹಾಗೆ ಕೂರುವುದೇ ಕೆಲಸ. ಮಗು ತಪ್ಪು ಬರೆಯುವಾಗ ಅದರ ಕೈಯಿಂದ ಪಾಟಿ ಕಸಿದುಕೊಂಡು ನಾವೇ ಬರೆದುಕೊಟ್ಟರೆ ಅಲ್ಲಿಗೆ ಮುಗಿಯಿತು. ಪಾಟಿಯಲ್ಲಿ ಉತ್ತರ ಸರಿಯಾಗಿರುತ್ತದೆ, ಮಗುವಿಗೆ ಏನೂ ಬಂದಿರುವುದಿಲ್ಲ.

ಕಳೆಯುವ ಲೆಕ್ಕವನ್ನೇ ನೋಡಿ. 32ರಲ್ಲಿ 15 ಕಳೆ ಅಂದರೆ ಸುಮಾರು ಮಕ್ಕಳು 23 ಅಂತ ಬರೆಯುತ್ತಾರೆ. ಮೇಜಿನ ಹತ್ತಿರ ಕೂತವರಿಗೆ ಅದು ಬರೀ ತಪ್ಪು. ಪಕ್ಕದಲ್ಲಿ ಕೂತರೆ ಮಗುವಿನ ಲೆಕ್ಕಾಚಾರ ಕಾಣುತ್ತದೆ. ಎರಡರಲ್ಲಿ ಐದು ಹೋಗುವುದಿಲ್ಲ, ಹಾಗಾಗಿ ಐದರಲ್ಲೇ ಎರಡು ಕಳೆದಿದೆ. ಒಂದು ರೀತಿಯಲ್ಲಿ ಜಾಣತನವೇ, ಅಲ್ವಾ? ಆಗ ನಾನು ಕಸಬರಿಗೆ ಕಡ್ಡಿ ತೆಗೆಯುತ್ತೇನೆ. ಹತ್ತು ಹತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿದ ಮೂರು ಕಟ್ಟು, ಜೊತೆಗೆ ಬಿಡಿ ಕಡ್ಡಿ ಎರಡು. "ನಂಗ ಹದಿನೈದು ಕೊಡು" ಅಂತ ಕೈ ಚಾಚುತ್ತೇನೆ. ಒಂದು ಕಟ್ಟು ಕೊಡುತ್ತದೆ. ಇನ್ನೂ ಐದು ಬೇಕು, ಬಿಡಿ ಇರುವುದು ಎರಡೇ. ಮಗು ಕಡ್ಡಿ ನೋಡುತ್ತದೆ, ನನ್ನ ಮುಖ ನೋಡುತ್ತದೆ, ಮತ್ತೆ ಕಡ್ಡಿ ನೋಡುತ್ತದೆ. ಇಲ್ಲಿ ಬಾಯಿ ಮುಚ್ಚಿಕೊಂಡು ಕೂರುವುದು ಬಹಳ ಕಷ್ಟ. ಪಕ್ಕದ ಹುಡುಗ "ಬಿಚ್ಚಲೇ, ಬಿಚ್ಚು!" ಅಂತ ಕೂಗುವ ಮೊದಲು ಅವನನ್ನು ಸುಮ್ಮನಿರಿಸಬೇಕು. ಕೊನೆಗೆ ಮಗು ತಾನೇ ರಬ್ಬರ್ ಬ್ಯಾಂಡ್ ಬಿಚ್ಚುತ್ತದೆ. ಉಳಿದದ್ದು ಒಂದು ಕಟ್ಟು, ಏಳು ಬಿಡಿ. ಹೀಗೆ ತಾನೇ ಬಿಚ್ಚಿದ ಮಗುವಿಗೆ ದಶಕ ಅಂದರೇನು ಅಂತ ಬೇರೆ ಹೇಳಬೇಕಾಗುವುದಿಲ್ಲ.

ಹತ್ತಿ ಬಿಡಿಸುವ ಕಾಲ ಬಂತೆಂದರೆ ಹಾಜರಿ ಇಳಿಯುತ್ತದೆ. ದೊಡ್ಡ ಮಕ್ಕಳು ಹೊಲಕ್ಕೆ, ಚಿಕ್ಕವರು ಮನೆಯಲ್ಲಿ ಕೂಸು ಹಿಡಿಯಲಿಕ್ಕೆ. ಕೆಲವು ಮನೆಗಳವರು ಬೆಂಗಳೂರಿಗೆ ಗುಳೆ ಹೋಗುತ್ತಾರೆ, ಮಕ್ಕಳೂ ಜೊತೆಗೆ ಹೋಗುತ್ತಾರೆ. ತಿರುಗಿ ಬಂದ ಮಗುವನ್ನು "ಇಷ್ಟು ದಿನ ಎಲ್ಲಿ ಹೋಗಿದ್ದೆ?" ಅಂತ ಎಲ್ಲರ ಮುಂದೆ ಕೇಳಬಾರದು. ನಲಿ-ಕಲಿಯಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಕಲಿಕಾ ಏಣಿ, ಅಂದರೆ ಪಾಠಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಪಟ್ಟಿ. ಮಗು ಯಾವ ಮೆಟ್ಟಿಲಲ್ಲಿ ಬಿಟ್ಟುಹೋಗಿತ್ತೋ ಅಲ್ಲಿಂದಲೇ ಕಾರ್ಡ್ ತೆಗೆಯಬಹುದು. ನಾನು ಮಾತ್ರ ಒಂದೆರಡು ಮೆಟ್ಟಿಲು ಹಿಂದಿನ ಕಾರ್ಡನ್ನೇ ಮೊದಲು ಕೊಡುತ್ತೇನೆ. ಬಂದ ದಿನವೇ ಏನೋ ಒಂದು ಸರಿಯಾಗಿ ಓದಿದರೆ ಮಾರನೇ ದಿನವೂ ಬರುತ್ತದೆ.

ಕಾಲುವೆ ಪಕ್ಕ ಆಂಧ್ರದ ಕಡೆಯಿಂದ ಬಂದು ನೆಲೆಸಿದವರ ಕ್ಯಾಂಪಿನ ಮಕ್ಕಳಿಗೆ ಮನೆಮಾತು ತೆಲುಗು, ತಾಂಡಾದವರಿಗೆ ಲಂಬಾಣಿ. ಆ ಮನೆಮಾತು, ಕನ್ನಡ ಎರಡೂ ಬರುವ ಗೆಳತಿಯನ್ನು ಪಕ್ಕದಲ್ಲಿ ಕೂರಿಸಿದರೆ ಅರ್ಧ ಕೆಲಸ ಅವಳೇ ಮಾಡುತ್ತಾಳೆ. ತರಗತಿಯಲ್ಲಿ ತುಟಿ ಬಿಚ್ಚದ ಮಗು ಬಿಸಿಯೂಟದ ಸಾಲಲ್ಲಿ ಊರ ಸುದ್ದಿಯೆಲ್ಲ ಹೇಳುತ್ತದೆ. ಅದಕ್ಕೇ ನಾನು ಊಟಕ್ಕೆ ಮಕ್ಕಳ ಸಾಲಲ್ಲೇ ಕೂರುತ್ತೇನೆ. ಬಿಸಿಯೂಟ 2002ರಲ್ಲಿ ಮೊದಲು ಬಂದದ್ದು ನಮ್ಮ ಈ ಕಡೆಯ ಜಿಲ್ಲೆಗಳಿಗೇ. ಹೊಟ್ಟೆ ತುಂಬಿದ ಮಗು ಮಧ್ಯಾಹ್ನ ಹೇಗೆ ಕಲಿಯುತ್ತದೆ ಅಂತ ನೋಡಬೇಕಾದರೆ ನಮ್ಮ ಕೋಣೆಗೆ ಬನ್ನಿ.

ತಾಯಂದಿರು ಬಂದರೆ ಒಂದೇ ಮಾತು: "ಹೊಡ್ದಾದ್ರೂ ಕಲಸ್ರಿ ಅಕ್ಕೋರ." ಪ್ರೀತಿಯಿಂದಲೇ ಹೇಳುತ್ತಾರೆ. ಹೊಡೆಯುವಂತಿಲ್ಲ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಆದರೆ ಅವರ ಮುಂದೆ ನಾನು ಕಾಯ್ದೆ ಎತ್ತುವುದಿಲ್ಲ. ಮಗುವನ್ನು ಕರೆದು ಒಂದು ಕಾರ್ಡ್ ಓದಿಸುತ್ತೇನೆ. ಆಮೇಲೆ ತಾಯಿಯೇ ಕೋಲಿನ ಮಾತು ಬಿಡುತ್ತಾಳೆ.

ಇನ್ನು ಮೇಡಂ ಜೊತೆಗಿನ ಹೊಂದಾಣಿಕೆ. ಬೆಳಿಗ್ಗೆ ಮಕ್ಕಳು ಹಾಲು ಕುಡಿಯುವ ಹೊತ್ತಿಗೆ ಯಾರು ಯಾವ ಗುಂಪು ಅಂತ ಮಾತಾಡಿಕೊಳ್ಳುತ್ತೇವೆ. ಮಕ್ಕಳ ಎದುರು ಅವರ ಮಾತನ್ನು ನಾನು ತಿದ್ದುವುದಿಲ್ಲ, ಹೇಳಬೇಕಾದ್ದನ್ನು ಸಂಜೆ ಹೇಳುತ್ತೇನೆ. ಕಂಡದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಒಬ್ಬಳು ಹಲಗೆ ಓದಲು ಕಣ್ಣು ಕಿರಿದು ಮಾಡುತ್ತಿದ್ದಳು. ನೋಟ್‌ಬುಕ್ ಓದಿದ ಮೇಡಂ ಅವಳ ಅಪ್ಪನನ್ನು ಕರೆಸಿದರು, ಈಗ ಕನ್ನಡಕ ಬಂದಿದೆ.

ನಮ್ಮ ನೇಮಕ ಆ ವರ್ಷಕ್ಕಷ್ಟೇ. ಬರುವ ಜೂನ್‌ಗೆ ನನ್ನನ್ನೇ ಕರೆಯುತ್ತಾರೆ ಅನ್ನುವ ಖಾತ್ರಿ ಇಲ್ಲ. ಹಾಗಾಗಿ ಶಾಲಾ ವರ್ಷ ಮುಗಿಯುವ ಹೊತ್ತಿಗೆ ಆ ನೋಟ್‌ಬುಕ್ ಮೇಡಂ ಕೈಗೆ ಕೊಡುತ್ತೇನೆ. ಯಾರು ಯಾವ ಮೆಟ್ಟಿಲಲ್ಲಿದ್ದಾರೆ, ಯಾರನ್ನು ಯಾರ ಪಕ್ಕ ಕೂರಿಸಬಾರದು, ಯಾರು ಹಸಿದಾಗ ಜಗಳ ತೆಗೆಯುತ್ತಾರೆ, ಎಲ್ಲ ಅದರಲ್ಲಿದೆ. ನನ್ನ ಜಾಗಕ್ಕೆ ಬೇರೆಯವರು ಬಂದರೂ ಮೊದಲ ವಾರದಿಂದಲೇ ಕೆಲಸ ಹಿಡಿಯಬಹುದು.